ಗಸ್‌ನನ್ನು ರಾತ್ರಿ ನೋಡಿದವರು

ನ್ಯೂಯಾರ್ಕಿನ ಸ್ಟುಡಿಯೊ ಮುಂದಿನ ಸಾಲಿನಲ್ಲಿ ಜನೀನ್ ಮೂರನೆಯವಳು. ತೀರಿಕೊಂಡ ಟಿ.ವಿ. ನಿರೂಪಕ ಗಸ್ ಹ್ಯಾಲರನ್ ನೆನಪಿಗೆ ಇಂದು ಕಾರ್ಯಕ್ರಮ. ಅವನ ತಡರಾತ್ರಿ ಶೋ ನೋಡಲು ಈ ಮುಂಚೆ ಸ್ಟುಡಿಯೊಗೆ ಬಂದು ಕೂತಿದ್ದವರಿಗೇ ಮೊದಲ ಸೀಟು ಎಂದು ಬೋರ್ಡು ಹಾಕಿದ್ದರು. ಜನೀನ್ ಮುಂದಿದ್ದ ವರ್ನೆಲ್ ಎಂಬ ಮುದುಕಿ, ಪಕ್ಕದ ಮುದುಕ ಎಮ್ಮೆಟ್‌ನನ್ನು ಸುಮ್ಮನೆ ಬಿಡುವ ಹಾಗೆ ಕಾಣಲಿಲ್ಲ.

"ನೀವೂ ಆಗ ಶೋಗೆ ಬಂದಿದ್ರಾ?" ಎಂದಳು.

"ಬರದೆ ಏನು? ಗಸ್ ನನ್ನ ಕೈ ಕುಲುಕಿದ್ದ."

"ಒಳಗೆ ಸೆಕೆ ಇತ್ತಾ?"

"ಬೇಯ್ತಿತ್ತು. ಅಷ್ಟೊಂದು ದೀಪ ಅಲ್ವಾ."

"ಹೌದಾ? ನನಗೆ ಚಳಿಗೆ ಹಲ್ಲು ಕಟಕಟ ಅಂದಿತ್ತು. ಆಚೆ ಬಂದಾಗ ಎಷ್ಟು ಗಂಟೆ?"

"ರಾತ್ರಿ ಒಂದು. ಬೀದೀಲಿ ನರಪಿಳ್ಳೆ ಇರಲಿಲ್ಲ."

"ನಾನು ಆಚೆ ಬಂದಾಗ ಬಿಸಿಲು ಕಣ್ಣಿಗೆ ಹೊಡೀತಿತ್ತು. ಶೂಟಿಂಗು ಸಂಜೆ ಆರಕ್ಕೇ ಮುಗೀತಿತ್ತು, ಸ್ವಾಮಿ. ಟಿ.ವಿ.ಲಿ ರಾತ್ರಿ ತೋರಿಸ್ತಿದ್ರು ಅಷ್ಟೆ. ಇನ್ನೂ ಎಷ್ಟು ರೈಲು ಬಿಡ್ತೀರಿ?"

ಎಮ್ಮೆಟ್ ಟೋಪಿ ತೆಗೆದ.

"ಮೂವತ್ತು ವರ್ಷ ಆಸ್ಪತ್ರೆ ಬಟ್ಟೆ ಒಗೆದೆ ಕಣಮ್ಮ. ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರ ಪಾಳಿ. ಒಂದು ಸಂಜೆ ಬಿಡಿ ಅಂದ್ರೆ, ಕೆಲಸಾನೇ ಬಿಡು ಅಂತಿದ್ರು. ಮನೆಗೆ ಬಂದು ಬೂಟು ಬಿಚ್ಚೋ ಹೊತ್ತಿಗೆ ಟಿ.ವಿ.ಲಿ ಗಸ್ ಬರ್ತಿದ್ದ. 'ಪಾಳಿ ಮುಗಿಸಿದವರೇ, ಕಾಲು ಚಾಚಿ' ಅಂತಿದ್ದ. ನನಗೇ ಹೇಳಿದ ಹಾಗಿರೋದು."

ಬಾಗಿಲು ಕಾಯುವ ಹುಡುಗಿ ಬಂದು ಕೇಳಿದಳು: "ಹಿಂದೆ ಶೋ ನೋಡಿದವರು ಯಾರು?"

"ನಾನು ಒಂದೇ ಸಲ. ಇವರು ಮೂವತ್ತು ವರ್ಷ, ಒಂದು ರಾತ್ರೀನೂ ತಪ್ಪಿಸಿಲ್ಲ," ಎಂದಳು ವರ್ನೆಲ್.

ಹುಡುಗಿ ಎಮ್ಮೆಟ್‌ನನ್ನು ಅನುಮಾನದಿಂದ ನೋಡಿದಳು. ವರ್ನೆಲ್ ಅವಳನ್ನೇ ದುರುಗುಟ್ಟಿ ನೋಡಿದಳು. ಹುಡುಗಿ ಬಾಗಿಲು ತೆರೆದಳು. ವರ್ನೆಲ್ ತನ್ನ ಹೆಗಲ ಮೇಲಿದ್ದ ಸ್ವೆಟರನ್ನು ಎಮ್ಮೆಟ್ ಕೈಗಿಟ್ಟಳು.

"ಹಾಕ್ಕೊಳ್ಳಿ. ಒಳಗೆ ನಿಜಕ್ಕೂ ಚಳಿ."

ಜನೀನ್ ನೋಡುತ್ತಿದ್ದ ಹಾಗೇ ಇಬ್ಬರೂ ಒಳಗೆ ಹೋದರು.