ಗೋಡೆ ಒಡೆದವನ ಪರವಾಗಿ ನಾನು ಹೇಳದೆ ಉಳಿಸಿಕೊಂಡ ಮಾತು

ಸುರಪುರದ ಹಿರಿಯರಿಗೆ, ಶಹಾಪುರ, ಯಾದಗಿರಿಯಿಂದ ಬಂದಿರುವ ಅಗ್ನಿಶಾಮಕ ಬಂಧುಗಳಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಬಸವಂತ್ರಾಯರ ಪತ್ನಿ ಮಲ್ಲೇಶ್ವರಿ ವೈನಿಯವರಿಗೆ ನನ್ನ ಶರಣು. ನಾನು ರಾಮಲಿಂಗ. ಸುರಪುರದ ಅಗ್ನಿಶಾಮಕ ಠಾಣೆಯಲ್ಲಿ ದಿವಂಗತ ಬಸವಂತ್ರಾಯರ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಅವರು ನನಗಿಂತ ಆರು ವರ್ಷ ಹಿರಿಯರು, ನನಗೆ ಬಸಣ್ಣ. ಇನ್ನು ಮುಂದೆ ಏಕವಚನದಲ್ಲೇ ಮಾತಾಡುತ್ತೇನೆ. ಹಾಗಲ್ಲದೆ ನನಗೆ ಮಾತು ಬರುವುದಿಲ್ಲ — ಕ್ಷಮಿಸಿ.

ನನಗಿಂತ ಮೊದಲು ಮಾತಾಡಿದವರು ಅವನ ಧೈರ್ಯದ ಬಗ್ಗೆ ಹೇಳಿದರು. ನಾನು ನನ್ನ ಪುಕ್ಕಲುತನದ ಬಗ್ಗೆ ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ಕೆಂಭಾವಿಯಲ್ಲಿ ಸಂತೆಯ ದಿನ. ಮಧ್ಯಾಹ್ನ ಒಂದು ಖಾನಾವಳಿಯ ಸಿಲಿಂಡರ್ ಸಿಡಿದು ಪಕ್ಕದ ಮನೆಗೂ ಬೆಂಕಿ ಹತ್ತಿತು. ಮನೆಯೊಳಗೆ ಅಮಾತೆಪ್ಪ ಕಾಕಾ ಒಬ್ಬರೇ. ಎಪ್ಪತ್ತು ದಾಟಿದವರು. ಮುಂಬಾಗಿಲು ಉರಿಯುತ್ತಿತ್ತು. ಬಸಣ್ಣ ಹಾರೆ ಹಿಡಿದು ಹಿತ್ತಲಿಗೆ ಓಡಿದ. ಮಣ್ಣು, ಕಲ್ಲಿನ ಹಳೆಯ ಗೋಡೆ. ನಾನು ಪಂಪಿನ ಹತ್ತಿರ ಇದ್ದೆ.

"ಹಿಂದ ಸರೀರಿ ಕಾಕಾ! ಗ್ವಾಡಿ ಒಡ್ಯಾಕತ್ತೀನಿ!"

ಹೀಗೆ ಕೂಗಿದ. ಮತ್ತೆ ಕೂಗಿದ. ಮೂರನೆಯ ಸಲವೂ ಕೂಗಿ, ತಡೆದು, ಆಮೇಲೆ ಹಾರೆ ಎತ್ತಿದ. ಆದರೆ ಹೊಗೆಯಲ್ಲಿ ದಿಕ್ಕು ತಪ್ಪಿದ ಕಾಕಾ ಗೋಡೆಯ ಕಡೆಗೇ ಬಂದಿದ್ದರು. ಕಲ್ಲು ಕಾಲ ಮೇಲೆ ಬಿತ್ತು. ಬಸಣ್ಣ ಅವರನ್ನು ಹೊತ್ತು ಹೊರಗೆ ತಂದ. ಜೀವ ಉಳಿಯಿತು. ಕಾಲು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಕಾಕಾನ ಮಗ ದೂರು ಕೊಟ್ಟ. ಎಚ್ಚರಿಕೆ ಕೊಡದೆ ಗೋಡೆ ಕೆಡವಿದರು, ನಿರ್ಲಕ್ಷ್ಯ ಮಾಡಿದರು ಎಂದು. ಆ ಮನೆಯವರನ್ನು ನಾನು ದೂರುವುದಿಲ್ಲ. ಮುರಿದ ಕಾಲು ಅವರ ಅಪ್ಪನದು. ಇವತ್ತು ಅವರು ಈ ಸಭೆಗೆ ಬಂದಿಲ್ಲ, ಬರಲಿಲ್ಲ ಯಾಕೆ ಎಂದು ಕೇಳುವ ಹಕ್ಕೂ ನಮಗಿಲ್ಲ.

ಬಸಣ್ಣನ ವಕೀಲರು ಅವತ್ತೇ ಹೇಳಿದ್ದರು: "ಛಲೋ ಮನಸ್ಸಿನಿಂದ ಮಾಡಿದ ಕೆಲಸಕ್ಕ ಕಾಯ್ದೇದಾಗ ರಕ್ಷಣಾ ಅದರಿ. ಆದ್ರ ನೀವು ಎಚ್ಚರಿಕಿ ಕೊಟ್ಟಿದ್ರಿ ಅಂತ ಹೇಳಾಕ ಒಬ್ಬ ಸಾಕ್ಷಿ ಬೇಕು."

ಆ ಒಬ್ಬ ಸಾಕ್ಷಿ ನಾನು. ಸಂತೆಯ ಗದ್ದಲದಲ್ಲಿ, ಹಿತ್ತಲಿಗೆ ಅಷ್ಟು ಹತ್ತಿರ ಇದ್ದವನು ನಾನೊಬ್ಬನೇ. ಪೊಲೀಸರು ಕೇಳಿದರು. ನಾನು ಏನು ಹೇಳಿದೆ ಗೊತ್ತೇ? — "ಪಂಪಿನ ಸಪ್ಪಳದಾಗ ನನಗೇನೂ ಕೇಳಿಲ್ರಿ."

ಸುಳ್ಳು. ಮೂರೂ ಸಲ ಕೇಳಿತ್ತು.

ಸಾಕ್ಷಿ ಹೇಳಿದವನನ್ನೂ ಕೇಸಿನಲ್ಲಿ ಸೇರಿಸುತ್ತಾರೆ ಎಂದು ಯಾರೋ ಹೆದರಿಸಿದ್ದರು. ಬಡ್ತಿಯ ಪಟ್ಟಿಯೂ ಆಗಲೇ ಬರುವುದಿತ್ತು. ಕೇಸು ಇದೆ ಎಂದು ಬಸಣ್ಣನ ಬಡ್ತಿ ನಿಂತಿತು. ಪಟ್ಟಿಯಲ್ಲಿ ಅವನ ಹಿಂದಿದ್ದ ನನಗೆ ಬಂತು. ನಾನು ಅವನಿಗೆ ಸಾಹೇಬನಾದೆ. ಅವನು ಎರಡು ವರ್ಷ ತಾರೀಖಿಗೆ ತಾರೀಖು ಕೋರ್ಟಿಗೆ ಅಲೆದ.

ಒಂದು ದಿನ ಕೋರ್ಟಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ನನ್ನ ಕಡೆ ನೋಡದೆಯೇ ಕೇಳಿದ: "ರಾಮಲಿಂಗ, ಆ ಪಂಪು ಭಾಳ ಸಪ್ಪಳ ಮಾಡ್ತದಲ್ಲೋ?"

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ನಾನೂ ತಲೆ ಎತ್ತಲಿಲ್ಲ.

ಈಗ ಶಹಾಪುರಕ್ಕೆ ಬರುತ್ತೇನೆ. ಇವತ್ತಿಗೆ ಹದಿಮೂರು ದಿನ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹತ್ತಿ ಗೋದಾಮಿಗೆ ಬೆಂಕಿ. ಶಹಾಪುರದವರ ನೆರವಿಗೆ ನಮ್ಮ ಗಾಡಿಯೂ ಹೋಯಿತು. ಹಿಂಬದಿಯ ಜವಾಬ್ದಾರಿ ನನ್ನದು. ಒಳಗೆ ಹಮಾಲಿ ಗಯಾಸ ಭಾಯಿ ಸಿಕ್ಕಿಬಿದ್ದಿದ್ದರು — ಅಲ್ಲಿ ಕುಳಿತಿದ್ದಾರೆ, ನೋಡಿ. ಅವರನ್ನು ತಲುಪಲು ಇದ್ದದ್ದು ಒಂದೇ ದಾರಿ: ಪಕ್ಕದ ಉಗ್ರಾಣಕ್ಕೆ ನುಗ್ಗಿ ನಡುವಿನ ಗೋಡೆ ಒಡೆಯಬೇಕು. ಆ ಉಗ್ರಾಣ ಬೇರೆಯವರದು.

"ಸಾಹೇಬ್ರ, ಒಡೀಲೇನ್ರಿ?" ಹಾರೆ ಹಿಡಿದು ನಿಂತ ಬಸಣ್ಣ ಕೇಳಿದ.

ನಾನು ಫೋನ್ ತೆಗೆದೆ. "ಒಂದ್ ನಿಮಿಷ ನಿಂದ್ರು, ಮಾಲಕರು ಹ್ಞೂಂ ಅನ್ಲಿ."

ಆ ಕಡೆ ಫೋನ್ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಒಳಗಿಂದ ಗಯಾಸ ಭಾಯಿ ಗೋಡೆ ಬಡಿಯುತ್ತಿದ್ದರು — ಧಡ್, ಧಡ್ ಎಂದು. ಆಮೇಲೆ ಆ ಬಡಿತ ಮೆತ್ತಗಾಯಿತು. ನಾನು ಮೂರನೆಯ ಸಲ ಹಚ್ಚುತ್ತಿದ್ದೆ. ನನ್ನ ಕಣ್ಣ ಮುಂದೆ ಬೆಂಕಿ ಇರಲಿಲ್ಲ ಸ್ವಾಮಿ, ಬಸಣ್ಣ ಕೂತಿದ್ದ ಆ ಕೋರ್ಟಿನ ಕಟ್ಟೆ ಇತ್ತು.

ಆಗ ಅವನು ಸಾಹೇಬ ಎನ್ನುವುದನ್ನು ಬಿಟ್ಟ. "ರಾಮಲಿಂಗ, ಮಾಲಕನ್ನ ಕೇಳಾಕತ್ತಿ. ಒಳಗಿದ್ದಾಂವನ್ನ ಕೇಳಿದೇನು? ನಾನಽ ಒಡದೆ ಅಂತ ಬರಕೋ, ನಿನ್ನ ಹೆಸರು ಬರೂದಿಲ್ಲ."

ಹಾರೆ ಹಾಕಿದ. ಕಂಡಿ ಬಿದ್ದ ಕೂಡಲೇ ಒಳಗೆ ತೂರಿ ಗಯಾಸ ಭಾಯಿಯನ್ನು ನಮ್ಮ ಕೈಗೆ ದೂಡಿದ. ನಾವು ಅವರನ್ನು ಎಳೆದುಕೊಂಡೆವು. ಬಸಣ್ಣ ಹೊರಬರಲು ಬಾಗಿದ, ಅವನ ಹೆಲ್ಮೆಟ್ಟು ನನಗೆ ಕಂಡಿತು — ಚಾವಣಿ ಕುಸಿಯಿತು.

ನನ್ನ ಫೋನಿನಲ್ಲಿ ಇನ್ನೂ ಇದೆ. ಮೂರು ಕರೆ, ಮೊದಲನೆಯದರಿಂದ ಕೊನೆಯದರವರೆಗೆ ನಾಲ್ಕು ನಿಮಿಷ. ಕೂಡಲೇ ಹ್ಞೂಂ ಅಂದಿದ್ದರೆ ಬಸಣ್ಣ ಬದುಕುತ್ತಿದ್ದನೋ ಇಲ್ಲವೋ ಯಾರೂ ಖಚಿತವಾಗಿ ಹೇಳುವುದಿಲ್ಲ. ನನಗೆ ಮಾತ್ರ ಆ ಸಂಶಯ ಇಲ್ಲ.

ಹೋದ ವಾರ ಉಗ್ರಾಣದ ಮಾಲೀಕರಿಂದ ನೋಟೀಸು ಬಂತು: ಯಾರ ಆದೇಶದ ಮೇಲೆ ಗೋಡೆ ಒಡೆದಿರಿ? ನನ್ನ ಹಿತ ಬಯಸುವವರೊಬ್ಬರು ಹೆಗಲ ಮೇಲೆ ಕೈ ಇಟ್ಟು, "ಸತ್ತಾಂವನ ಹೆಸರು ಬರದುಬಿಡು. ಅವಗ ಇನ್ನ ಯಾವ ಕೋರ್ಟು?" ಎಂದರು.

ಮೊನ್ನೆ ನಾನು ವೈನಿಯವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೆಂಭಾವಿಯದನ್ನೂ, ಶಹಾಪುರದ್ದನ್ನೂ. ಅವರು ಅಳಲಿಲ್ಲ. ಹೇಳಿದರು: "ಎರಡು ವರ್ಷದ ಹಿಂದ ಈ ಮಾತು ಆಡಿದ್ರ ಅವರು ನೆಮ್ಮದಿಲೆ ಒಂದು ತುತ್ತು ಉಣ್ತಿದ್ರು. ನನ್ನ ಮುಂದ ಹೇಳಿ ಏನು ಬಂತು? ಎಲ್ಲಾರ ಮುಂದ ಹೇಳ್ರಿ."

ವೈನಿ, ಹೇಳಿದ್ದೇನೆ.

ನಿನ್ನೆ ಬರವಣಿಗೆಯಲ್ಲೂ ಕೊಟ್ಟಿದ್ದೇನೆ. ಕೆಂಭಾವಿಯಲ್ಲಿ ಅವನು ಮೂರು ಸಲ ಎಚ್ಚರಿಸಿದ್ದು ನನಗೆ ಕೇಳಿತ್ತು, ಪೊಲೀಸರಿಗೆ ನಾನು ಸುಳ್ಳು ಹೇಳಿದ್ದೆ. ಶಹಾಪುರದ ಗೋಡೆಯ ಜವಾಬ್ದಾರಿ ಪೂರ್ತಿ ನನ್ನದು. ನನಗೇನಾಗುತ್ತದೋ ಗೊತ್ತಿಲ್ಲ. ಆಗಲಿ.

ಇಲ್ಲಿರುವ ಅಧಿಕಾರಿಗಳಲ್ಲಿ ಒಂದೇ ಬೇಡಿಕೆ. ಕಾಯ್ದೆಯಲ್ಲಿ ರಕ್ಷಣೆ ಇದೆ ಎನ್ನುತ್ತೀರಿ, ನಿಜ. ಅದು ಬೆಂಕಿಯ ಮುಂದೆ ನಿಂತವನಿಗೆ ಆ ಹೊತ್ತಿಗೇ ಸಿಗಬೇಕು. ದೂರು ಬಂದರೆ ವಿಚಾರಣೆ ಆಗಲಿ, ಮುರಿದ ಕಾಲಿಗೆ ಸರ್ಕಾರ ಉತ್ತರ ಕೊಡಲಿ. ಆದರೆ ನಮ್ಮವನೊಬ್ಬನನ್ನೇ ಆ ಕಟ್ಟೆಯ ಮೇಲೆ ಕೂರಿಸಬೇಡಿ. ಹಾಗೆ ಕೂತವನನ್ನು ನೋಡಿದ ಉಳಿದವರು ಹಾರೆ ಎತ್ತುವ ಮೊದಲು ಫೋನ್ ಎತ್ತುತ್ತಾರೆ. ನಾನು ಎತ್ತಿದೆ.

ಇನ್ನು ಮಾತಾಡಲಾರೆ. ಎಲ್ಲರೂ ದಯಮಾಡಿ ಎದ್ದು ನಿಲ್ಲಿ, ಬಸಣ್ಣನಿಗಾಗಿ ಎರಡು ನಿಮಿಷ ಮೌನವಾಗಿರೋಣ. ಗಯಾಸ ಭಾಯಿ, ನಿಮ್ಮ ಸುಟ್ಟ ಕಾಲು ಇನ್ನೂ ಮಾಗಿಲ್ಲ, ನೀವು ಕೂತೇ ಇರಿ — ಇಲ್ಲವೇ? ನಿಲ್ಲುತ್ತೀರಾ? — ಆಯಿತು. ಪಕ್ಕದವರು ಯಾರಾದರೂ ಅವರ ಕೈ ಹಿಡಿದುಕೊಳ್ಳಿ.