ಹದವಾಗದ ಸೀಟು

ಪಂಕ್ಚರ್ ಹಾಕಿಸಲು ಬಂದು ಕೂತಿದ್ದ ಫೆನ್ನಾಗೆ ಕಿವಿ ಮುಚ್ಚಿಕೊಂಡರೂ ಮಾತು ಕೇಳುತ್ತಿತ್ತು. ಗ್ರೋನಿಂಗನ್ನಿನ ಆ ಸೈಕಲ್ ಅಂಗಡಿ ಅಷ್ಟು ಇಕ್ಕಟ್ಟು. ಅಂಗಡಿಯ ಹಾರ್ಮನ್ ತನ್ನ ಹಳೇ ಗೆಳೆಯ ವುಬ್ಬೊಗೆ ದೂರ ಪ್ರಯಾಣದ ಸೈಕಲ್ಲೊಂದನ್ನು ಕಟ್ಟಿಕೊಡುವವನಿದ್ದ. ಒಂದೊಂದೇ ಭಾಗ ಕೇಳುತ್ತಿದ್ದ.

“ಕ್ಯಾರಿಯರ್?”

“ಹಿಂದೊಂದು, ಮುಂದೊಂದು. ಟೆಂಟು, ಸ್ಟವ್ವು, ಪಾತ್ರೆ ಎಲ್ಲಾ ಹೊರಬೇಕು.”

“ಗೇರು?”

“ಆಲ್ಪ್ಸ್ ಹತ್ತೋ ಅಂಥದ್ದು.”

“ಈ ಊರಲ್ಲಿ ಹತ್ತೋಕೆ ಇರೋದು ಕಾಲುವೆ ಸೇತುವೆ ಒಂದೇ ಕಣೋ. ಎಲ್ಲಿಗೆ ಸವಾರಿ?”

“ಸದ್ಯಕ್ಕೆ ಕಡಲ ಏರಿ ತನಕ. ಗುರುವಾರ ನನ್ನ ಹೆಂಡ್ತಿ ಹತ್ರ ನರ್ಸ್ ಇರ್ತಾಳಲ್ಲ, ಅವಳು ಹೊರಡೋದ್ರೊಳಗೆ ವಾಪಸ್.”

“ಅಷ್ಟಕ್ಕೆ ಟೆಂಟ್ ಯಾಕೋ ಮಾರಾಯ?”

“ಹೊತ್ಕೊಂಡು ಅಭ್ಯಾಸ ಆಗ್ಲಿ ಅಂತ.”

“ಗ್ರೀಟಾಗೆ ಗೊತ್ತಾ?”

“ಹಸಿರು ಬಣ್ಣ ಆರಿಸಿದ್ದೇ ಅವಳು. ನಾನು ಕಣ್ಣು ಮುಚ್ಚಿದ ಮಾರನೇ ದಿನಾನೇ ಹೊರಟುಬಿಡು ಅಂತಾಳೆ.”

ಹಾರ್ಮನ್ ಎರಡು ಸೀಟು ತೆಗೆದು ಮೇಜಿನ ಮೇಲಿಟ್ಟ.

“ಸೀಟು ಮೆತ್ತಂದೇ ಹಾಕ್ತೀನಿ. ಚರ್ಮದ್ದು ಮೊದಮೊದಲು ಕಲ್ಲು ಇದ್ದಂಗೆ. ನೀನು ಹೀಗೆ ವಾರಕ್ಕೊಂದ್ಸಲ ತುಳಿದ್ರೆ ಅದು ನಿನ್ನ ಮೈಗೆ ಹೊಂದ್ಕೊಳ್ಳೋಕೆ ವರ್ಷಗಳೇ ಬೇಕು.”

“ಚರ್ಮದ್ದೇ ಹಾಕು.”

“ಕುಂಡಿ ನೋಯುತ್ತೆ ಕಣೋ.”

“ನೋಯ್ಲಿ ಬಿಡು. ಅದು ಬೇಗ ಹದ ಆಗೋದು ಬೇಡ.”

ಗೋಡೆ ಗಡಿಯಾರ ನೋಡಿದವನೇ ವುಬ್ಬೊ ಕೋಟನ್ನು ಕೈಯಲ್ಲೇ ಹಿಡಿದು ಹೊರಗೆ ಓಡಿದ. ಅವತ್ತು ಗುರುವಾರ.