ಕಮಠಾಣದ ನಾಯಿಯ ಕಿವಿ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ದನದ ದವಾಖಾನೆಯ ಸಾಲಿನಲ್ಲಿ ನನ್ನ ಮುಂದೆ ಕಮಠಾಣದ ಗೋರಖನಾಥ ನಿಂತಿದ್ದ. ಅವನ ನಾಯಿಯ ಕಿವಿಯಿಂದ ಕೀವು ಸೋರುತ್ತಿತ್ತು. ಕಂಪೌಂಡರ್ ಎಲೀಷ ಕೇಳಿದ:

"ಪೆನ್ಸಿಲಿನ್ ಮುಲಾಮು ಎಷ್ಟು ದಿನ ಹಚ್ಚಿದ್ರಿ?"

"ಎರಡು ದಿನರಿ. ನಾತ ನಿಂತ ಕೂಡ್ಲೆ ಬಿಟ್ಟೆ."

"ಹತ್ತು ದಿನ ಅಂದಿದ್ನಿ. ಹೋದ ಸಲಾನೂ ಹಿಂಗೇ ಮಾಡಿದ್ರಿ."

"ಹೈದರಾಬಾದ ಸರಕಾರ ಇದ್ದಾಗ ಎರಡೇ ದಿನಕ್ಕ ನಾಟ್ತಿತ್ತು. ನಿಮ್ಮ ಮೈಸೂರಿನ ಮಾಲು ಖೋಟಾ ಅದರಿ."

"ಮಾಲು ಅದೇ ಅದ. ನೀವು ಅರ್ಧಕ್ಕ ಬಿಟ್ಟು ಬಿಟ್ಟು, ಕಿವ್ಯಾಗಿನ ಹುಳಕ್ಕ ಅದು ರೂಢಿ ಆಗ್ಯದ. ಅವೇ ನಿಮಗಿಂತ ಶಾಣ್ಯಾ ಅವ."

"ಮತ್ತ ಈಗ?"

"ಈ ಬಾಟ್ಲಿ ಬ್ಯಾರೆ ಔಷಧದ್ದು. ಇದೇ ಕಡೀದು. ಇದೂ ನಾಟಲಿಲ್ಲಂದ್ರ ನಾಯಿ ಕೆಪ್ಪಾಗ್ತದ. ಪೂರಾ ಹಾಕ್ರಿ."

ಗೋರಖನಾಥ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದರಾಗ ಅರ್ಧ ಸಾಕು. ಉಳಿದದ್ದು ಎಮ್ಮಿ ಕಣ್ಣಿಗೆ ಆಗ್ತದ," ಎನ್ನುತ್ತ ನಾಯಿಯನ್ನು ಎಳೆದುಕೊಂಡು ಹೊರಟ.